ಸಾವಿರದಲ್ಲಿ ಒಬ್ಬಳು

ಮಲ್ಲಸಮುದ್ರಕ್ಕೆ ಹೋದಾಗಲೆಲ್ಲ ಚಿಕ್ಕಮ್ಮ ನನಗೆ ಕೇಳುವುದು ಒಂದೇ ಪ್ರಶ್ನೆ: "ಇನ್ನಾ ಎಷ್ಟ ವರ್ಷ ಓದತೀ?" ಕಳೆದ ಸಲ ಬೇರೆಯದನ್ನು ಕೇಳಿದಳು. "ಆ ಗುಳಗಿ ನುಂಗಿದವರಿಗೆ ಹೊಟ್ಯಾಗ ಕ್ಯಾನ್ಸರ್ ಆಗತೈತಂತ. ಖರೇ ಏನ?"

ಅವಳಿಗೆ ಮೂವತ್ತೆಂಟಕ್ಕೇ ಗರ್ಭಚೀಲ ತೆಗೆದಿದ್ದರು. ಆಮೇಲೆ ಮೈಯೆಲ್ಲ ಕಾವು, ರಾತ್ರಿ ನಿದ್ದೆ ಇಲ್ಲ. ಅದಕ್ಕೆಂದು ಎರಡು ವರ್ಷ ಹಾರ್ಮೋನ್ ಗುಳಿಗೆ ನುಂಗಿದ್ದಳು. ನಾನು ವೈದ್ಯಳಲ್ಲ, ಇತಿಹಾಸದ ವಿದ್ಯಾರ್ಥಿನಿ. ಹಾಗಾಗಿ ಆ ಗುಳಿಗೆಯ ಇತಿಹಾಸವನ್ನೇ ಹುಡುಕಿಕೊಂಡು ಹೊರಟೆ.

ಅಮೆರಿಕದಲ್ಲಿ 1942ರಲ್ಲಿ ಪ್ರೆಮರಿನ್ ಎಂಬ ಗುಳಿಗೆಗೆ ಒಪ್ಪಿಗೆ ಸಿಕ್ಕಿತು. ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಅದರಲ್ಲಿತ್ತು. 1966ರಲ್ಲಿ ನ್ಯೂಯಾರ್ಕಿನ ವೈದ್ಯ ರಾಬರ್ಟ್ ವಿಲ್ಸನ್ ತನ್ನ ಪುಸ್ತಕದಲ್ಲಿ ಮುಟ್ಟು ನಿಲ್ಲುವುದನ್ನು ಒಂದು ಕೊರತೆಯ ರೋಗವೆಂದೇ ಬರೆದ. ಪುಸ್ತಕದ ಜೊತೆಗೆ ಗುಳಿಗೆಯೂ ಮಾರಾಟವಾಯಿತು. 1975ರಲ್ಲಿ ಮೊದಲ ಪೆಟ್ಟು ಬಿತ್ತು: ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚಿರುವುದು ಕಂಡಿತು. ಗರ್ಭಕೋಶ ಇರುವವರಿಗೆ ಪ್ರೊಜೆಸ್ಟೋಜನ್ ಸೇರಿಸಿ ಕೊಡುವ ರೂಢಿ ಆಮೇಲೆ ಗಟ್ಟಿಯಾಯಿತು. 2002ರಲ್ಲಿ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿದ್ದು ಕಂಡು, ಈ ಜೋಡಿ ಔಷಧದ ಭಾಗವನ್ನು ನಡುವೆಯೇ ನಿಲ್ಲಿಸಿದರು.

ಅಂಡಾಶಯದ ಮಾತು ಸ್ಪಷ್ಟವಾಗಲು ಇನ್ನೂ ಕಾಲ ಬೇಕಾಯಿತು. ಆ ಕ್ಯಾನ್ಸರ್ ಅಪರೂಪ. ಅಪರೂಪದ್ದನ್ನು ಕಾಣಲು ತುಂಬ ಜನ ಬೇಕು. 2007ರಲ್ಲಿ ಬ್ರಿಟನ್ನಿನ ಸುಮಾರು 9.5 ಲಕ್ಷ ಮಹಿಳೆಯರ ಅಧ್ಯಯನ ಬಂತು. 2015ರಲ್ಲಿ ವ್ಯಾಲೆರಿ ಬೆರಲ್ ಮತ್ತು ಸಂಗಡಿಗರು 52 ಅಧ್ಯಯನಗಳನ್ನು ಒಟ್ಟುಗೂಡಿಸಿದರು. ಅಲ್ಲಿ ಸಿಕ್ಕ ಲೆಕ್ಕ ಇದು: ಐವತ್ತರ ಆಸುಪಾಸಿನಲ್ಲಿ ಶುರುಮಾಡಿ ಐದು ವರ್ಷ ಹಾರ್ಮೋನ್ ತೆಗೆದುಕೊಂಡರೆ, ಸಾವಿರದಲ್ಲಿ ಒಬ್ಬಳಿಗೆ ಹೆಚ್ಚುವರಿಯಾಗಿ ಅಂಡಾಶಯದ ಕ್ಯಾನ್ಸರ್. ಇದನ್ನೇ 'ಅಪಾಯ ಶೇ 40ರಷ್ಟು ಹೆಚ್ಚು' ಎಂದೂ ಹೇಳಬಹುದು. ಎರಡೂ ಸರಿ. ಆದರೆ ಊರಿನ ಕಟ್ಟೆಯವರೆಗೆ ತಲುಪಿದ್ದು ಎರಡನೆಯದು.

ಆ ಸಾವಿರ ಮಂದಿ ಯಾರು? ಬಹುಪಾಲು ಯುರೋಪ್, ಅಮೆರಿಕದವರು. ಮುಟ್ಟು ತಾನಾಗಿ ನಿಂತವರೇ ಹೆಚ್ಚು. ಚಿಕ್ಕಮ್ಮನದು ಹಾಗಲ್ಲ. ಹರೆಯದಲ್ಲೇ ಅಂಡಾಶಯ ಕಳೆದುಕೊಂಡವರಿಗೆ ಎಲುಬು ಮತ್ತು ಹೃದಯ ಉಳಿಸಲು, ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಕೊಡಬೇಕೆಂದೇ ವೈದ್ಯರ ಮಾರ್ಗಸೂಚಿಗಳು ಹೇಳುತ್ತವೆ. ಎರಡೂ ಅಂಡಾಶಯ ತೆಗೆದಿದ್ದರೆ ಅವಳು ಅಂಜುವ ಕ್ಯಾನ್ಸರಿಗೆ ಜಾಗವೇ ಹೆಚ್ಚುಕಡಿಮೆ ಉಳಿದಿರುವುದಿಲ್ಲ. ಉಳಿಸಿದ್ದರೆ ಲೆಕ್ಕವೇ ಬೇರೆ.

"ಅಂಡಾಶಯ ತೆಗದಾರೇನು?" ಎಂದೆ. "ಯಾರಿಗ್ಗೊತ್ತು? ಚೀಲ ತೆಗೀತೀವಿ ಅಂದಿದ್ರು."

ಟ್ರಂಕು ತೆಗೆದು ಇಬ್ಬರೂ ಹುಡುಕಿದೆವು. ಅಜ್ಜನ ಕಾಲದ ಹೊಲದ ಉತಾರ ಸಿಕ್ಕಿತು. ಆಪರೇಷನ್ನಿನ ಒಂದು ಚೀಟಿಯೂ ಸಿಗಲಿಲ್ಲ. ಮಾಡಿದ ಆಸ್ಪತ್ರೆಯಲ್ಲಿ ಕೇಳಿದರೆ ಹಳೆಯ ಕಾಗದ ಇಲ್ಲವೆಂದರು. ಇದು ಅವಳೊಬ್ಬಳ ಕತೆಯಲ್ಲ. ನೆರೆಯ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ, ಅತ್ತ ಕಲಬುರಗಿಯಲ್ಲಿ, ಬೇಡದ ಗರ್ಭಕೋಶ ಆಪರೇಷನ್ನುಗಳ ವಿರುದ್ಧ ಲಂಬಾಣಿ ಹೆಣ್ಣುಮಕ್ಕಳು ಬೀದಿಗಿಳಿದಿದ್ದರು. 2023ರಲ್ಲಿ ಸುಪ್ರೀಂ ಕೋರ್ಟ್ ಇಂಥ ಆಪರೇಷನ್ನುಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಜಾರಿಗೆ ತರಲು ರಾಜ್ಯಗಳಿಗೆ ಹೇಳಿತು.

ಬ್ರಿಟನ್ನಿನ ಆ ಲಕ್ಷಾಂತರ ಹೆಂಗಸರು ಇತಿಹಾಸಕ್ಕೆ ಸೇರಿದ್ದು ಅವರ ಉತ್ತರಗಳನ್ನು, ಅವರ ಕಾಯಿಲೆಗಳನ್ನು ಯಾರೋ ಬರೆದಿಟ್ಟಿದ್ದರಿಂದ. ನಮ್ಮವರ ಮೈಯ ಉತಾರ ಯಾರ ಬಳಿಯೂ ಇಲ್ಲ.

ಮಲ್ಲಸಮುದ್ರದಲ್ಲೇ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಶುರುವಾದದ್ದು 2015ರಲ್ಲಿ, ಆ ಸಾವಿರದ ಲೆಕ್ಕ ಬಂದ ವರ್ಷವೇ. ಸೋಮವಾರ ಅಲ್ಲಿ ಸ್ಕ್ಯಾನಿಂಗಿಗೆ ಹೋಗುವುದೆಂದು ಮಾತಾಯಿತು. ಚಿಕ್ಕಮ್ಮ ನನ್ನ ಹಳೆಯ ಪ್ಲಾಸ್ಟಿಕ್ ಫೈಲೊಂದನ್ನು ಕೇಳಿ ಇಸಿದುಕೊಂಡಳು. "ಈ ಸಲ ಕೊಟ್ಟ ಕಾಗದಾ ಎಲ್ಲಾ ಇದರಾಗ ಇಡತೀನಿ" ಅಂದಳು.