ಅಕಿಹಬರ: ಬೆಂಕಿಯ ಬಯಲಿನಿಂದ ಬಿಡಿಭಾಗಗಳ ಪೇಟೆಯವರೆಗೆ

ಊರುಗಳ ಹೆಸರಿನೊಳಗೆ ಅವುಗಳ ಚರಿತ್ರೆ ಅಡಗಿರುತ್ತದೆ ಎಂದು ನಾನು ತರಗತಿಯಲ್ಲಿ ಪದೇ ಪದೇ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಜಪಾನಿಗೆ ಪ್ರವಾಸ ಹೊರಟಿರುವ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಪತ್ರ ಬರೆದು, "ಟೋಕಿಯೋದ ಅಕಿಹಬರದಲ್ಲಿ ಗೊಂಬೆ, ಕಾರ್ಟೂನು, ಹಳೆಯ ವಿಡಿಯೋ ಗೇಮುಗಳನ್ನು ಬಿಟ್ಟರೆ ನಿಮ್ಮಂಥವರು ನೋಡುವಂಥದ್ದು ಏನಿದೆ ಸಾರ್?" ಎಂದು ಕೇಳಿದ್ದಾರೆ. ಮಗನ ಮನೆಯಲ್ಲಿ ತಂಗಿದ್ದ ಕೆಲವು ವಾರಗಳಲ್ಲಿ ಆ ಪೇಟೆಯನ್ನು ಮೂರು ನಾಲ್ಕು ಬಾರಿ ಸುತ್ತಿದವನು ನಾನು. ಉತ್ತರ ಪತ್ರಕ್ಕಿಂತ ಉದ್ದವಾದುದರಿಂದ ಎಲ್ಲರಿಗೂ ಸೇರಿಸಿ ಇಲ್ಲಿಯೇ ಬರೆಯುತ್ತಿದ್ದೇನೆ.

ಅಕಿಹಬರ ಎಂಬ ಹೆಸರಿಗೆ ಜಪಾನೀ ಲಿಪಿಯಲ್ಲಿ ಮೂರು ಅಕ್ಷರಗಳು: ಶರತ್ಕಾಲ, ಎಲೆ, ಬಯಲು. ಯಾರೋ ಕವಿಹೃದಯದವರು ಇಟ್ಟ ಹೆಸರಿನಂತೆ ಕಾಣುತ್ತದೆ. ಆದರೆ ಇದರ ಮೂಲದಲ್ಲಿರುವುದು ಬೆಂಕಿ. ಎದೋ ಎಂದು ಕರೆಯಿಸಿಕೊಳ್ಳುತ್ತಿದ್ದ ಹಳೆಯ ಟೋಕಿಯೋ ಮರ ಮತ್ತು ಕಾಗದದ ಮನೆಗಳ ನಗರ. ಅಲ್ಲಿ ಬೆಂಕಿ ಬಿದ್ದರೆ ಕೇರಿಗೆ ಕೇರಿಯೇ ಬೂದಿಯಾಗುತ್ತಿತ್ತು. 1869ರ ಕೊನೆಯಲ್ಲಿ ಕಾಂಡಾ ಪ್ರದೇಶದಲ್ಲಿ ಅಂಥದೊಂದು ದೊಡ್ಡ ಅಗ್ನಿ ಅನಾಹುತ ನಡೆಯಿತು. ಹೊಸದಾಗಿ ಅಧಿಕಾರಕ್ಕೆ ಬಂದಿದ್ದ ಮೇಜಿ ಸರ್ಕಾರ ಸುಟ್ಟ ಜಾಗದಲ್ಲಿ ಮತ್ತೆ ಮನೆ ಕಟ್ಟಗೊಡದೆ, ಬೆಂಕಿ ದಾಟಿ ಹರಡದಿರಲೆಂದು ಅದನ್ನು ಬಯಲಾಗಿಯೇ ಉಳಿಸಿತು. 1870ರಲ್ಲಿ ಅಲ್ಲೊಂದು ಅಗ್ನಿಶಾಂತಿಯ ಗುಡಿಯನ್ನೂ ಕಟ್ಟಿಸಿತು. ಆ ಕಾಲದ ಜನರಿಗೆ ಬೆಂಕಿಯಿಂದ ಕಾಯುವ ದೇವರೆಂದರೆ ಅಕಿಬ. ಗುಡಿಯಲ್ಲಿರುವುದು ಅಕಿಬ ದೇವರೇ ಎಂದು ಅವರು ತಾವೇ ನಿಶ್ಚಯಿಸಿಕೊಂಡು, ಸುತ್ತಲಿನ ಬಯಲನ್ನು ಅಕಿಬನ ಬಯಲು ಎಂದು ಕರೆಯತೊಡಗಿದರು. ಸರ್ಕಾರ ಇಟ್ಟ ಹೆಸರು ಹೋಯಿತು, ಜನ ಕರೆದ ಹೆಸರು ಉಳಿಯಿತು. ಇಂದಿನ ಹುಡುಗರು ಈ ಪೇಟೆಯನ್ನು ಮೊಟಕಾಗಿ "ಅಕಿಬ" ಎನ್ನುತ್ತಾರೆ. ಅದನ್ನು ಹೊಸ ಕಾಲದ ಸೋಮಾರಿತನವೆಂದು ಬಗೆಯುವವರುಂಟು. ನೋಡಿದರೆ ಹುಡುಗರ ಬಾಯಲ್ಲಿರುವುದೇ ಹಳೆಯ ಹೆಸರು.

ಬಯಲು ಬಹುಕಾಲ ಬಯಲಾಗಿ ಉಳಿಯಲಿಲ್ಲ. 1888ರಲ್ಲಿ ಗುಡಿಯನ್ನು ಬೇರೆಡೆಗೆ ಸಾಗಿಸಿ, 1890ರಲ್ಲಿ ಅಲ್ಲಿ ಸರಕು ಸಾಗಣೆಯ ರೈಲು ನಿಲ್ದಾಣವನ್ನು ತೆರೆದರು. ಪ್ರಯಾಣಿಕರ ರೈಲು ಬಂದದ್ದು 1925ರಲ್ಲಿ. 1932ರಲ್ಲಿ ಮೊದಲ ಹಳಿಗಳ ಮೇಲೆ ಅಡ್ಡಲಾಗಿ ಇನ್ನೊಂದು ಎತ್ತರದ ಮಾರ್ಗ ಹಾದುಹೋಯಿತು. ಈ ಎತ್ತರದ ಹಳಿಗಳನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಅದರ ಕೆಳಗೆ ನಡೆಯುವಂಥದ್ದು. 1923ರ ಮಹಾಭೂಕಂಪದ ಬೆಂಕಿಯಲ್ಲಿ ಟೋಕಿಯೋದ ಬಹುಭಾಗ ಉರಿದುಹೋದಾಗ, ನಿಲ್ದಾಣದ ಪಕ್ಕದ ಸಕುಮಾ ಮತ್ತು ಇಜುಮಿ ಕೇರಿಗಳ ನಿವಾಸಿಗಳು ಊರು ಬಿಟ್ಟು ಓಡದೆ, ಸಾಲುಗಟ್ಟಿ ನಿಂತು ಬಕೆಟ್ಟಿನಿಂದ ಬಕೆಟ್ಟಿಗೆ ನೀರು ದಾಟಿಸಿ ತಮ್ಮ ಕೇರಿಗಳನ್ನು ಉಳಿಸಿಕೊಂಡರು. ಅಗ್ನಿದೇವರ ಹೆಸರಿನ ಊರಿಗೆ ತಕ್ಕ ನಡೆ.

ಎರಡನೆಯ ಮಹಾಯುದ್ಧದ ವಿಮಾನದಾಳಿಗಳಿಂದ ಮಾತ್ರ ಈ ಪ್ರದೇಶ ಪಾರಾಗಲಿಲ್ಲ. ಸೋತ ದೇಶದ ಸುಟ್ಟ ಬೀದಿಗಳಲ್ಲಿ ಬೀದಿ ಅಂಗಡಿಗಳು ಎದ್ದವು. ಕಾಂಡಾದ ಆಸುಪಾಸಿನಲ್ಲಿ 1907ರಲ್ಲಿ ಸ್ಥಾಪಿತವಾದ ವಿದ್ಯುತ್ ತಂತ್ರಜ್ಞಾನದ ಶಾಲೆಯೊಂದಿತ್ತು. ಅದೇ ಮುಂದೆ ಟೋಕಿಯೋ ಡೆಂಕಿ ವಿಶ್ವವಿದ್ಯಾಲಯವಾಯಿತು. ಅಲ್ಲಿನ ವಿದ್ಯಾರ್ಥಿಗಳು ಸೈನ್ಯದ ಉಗ್ರಾಣಗಳಿಂದ ಹೊರಬಿದ್ದ ವಾಲ್ವು, ತಂತಿ, ಕಂಡೆನ್ಸರುಗಳನ್ನು ಕೊಂಡು ರೇಡಿಯೋ ಕಟ್ಟಿ ಮಾರುತ್ತಿದ್ದರು. ಇದು ಬರೀ ಹವ್ಯಾಸವಲ್ಲ. ಕಾರ್ಖಾನೆಯ ರೇಡಿಯೋಗಳ ಮೇಲೆ ಭಾರಿ ತೆರಿಗೆಯಿತ್ತು. ಬಿಡಿಭಾಗಗಳನ್ನು ಕೊಂಡು ಕೈಯಾರೆ ಜೋಡಿಸಿದರೆ ಅದಕ್ಕಿಂತ ಬಹಳ ಅಗ್ಗವಾಗುತ್ತಿತ್ತು. ಹಸಿದ ಹುಡುಗರಿಗೆ ಕಾಲೇಜಿನ ಶುಲ್ಕವೂ ಅದರಿಂದಲೇ ಹುಟ್ಟುತ್ತಿತ್ತು. ಸೈನಿಕರಿಗೆ ಆಜ್ಞೆ ಸಾಗಿಸಲು ತಯಾರಾದ ವಾಲ್ವುಗಳು ಮನೆಮಂದಿಗೆ ಹಾಡು ಕೇಳಿಸಿದವು.

1949ರಲ್ಲಿ ದೇಶವನ್ನು ಆಳುತ್ತಿದ್ದ ಅಮೆರಿಕನ್ ಸೇನಾಡಳಿತ, ರಸ್ತೆಬದಿಯ ಅಂಗಡಿಗಳನ್ನೆಲ್ಲ ಎತ್ತಿಸಬೇಕೆಂದು ಆಜ್ಞೆ ಹೊರಡಿಸಿತು. ರೇಡಿಯೋ ಬಿಡಿಭಾಗದ ವ್ಯಾಪಾರಿಗಳು ಒಟ್ಟಾಗಿ ತಮಗೆ ಬದಲಿ ಜಾಗ ಬೇಕೆಂದು ಅಧಿಕಾರಿಗಳಲ್ಲಿ ಬೇಡಿದರು. ಕೊನೆಗೆ ಅವರಿಗೆ ದೊರೆತದ್ದು ಅಕಿಹಬರದ ಎತ್ತರದ ಹಳಿಗಳ ಕೆಳಗಿನ ಕತ್ತಲೆಯ ಜಾಗ. ಎತ್ತಂಗಡಿಯಾದವರ ಬಿಡಾರವೇ ಜಗತ್ತಿನ ಅತ್ಯಂತ ಪ್ರಸಿದ್ಧ ಎಲೆಕ್ಟ್ರಾನಿಕ್ಸ್ ಪೇಟೆಯಾಯಿತು. ನಗರಯೋಜನೆಯ ಯಾವ ನಕ್ಷೆಯೂ ಇದನ್ನು ಉದ್ದೇಶಿಸಿರಲಿಲ್ಲ.

ಅಕಿಹಬರಕ್ಕೆ ಹೋಗುವವರು ನಿಲ್ದಾಣದ "ಎಲೆಕ್ಟ್ರಿಕ್ ಟೌನ್" ದ್ವಾರದಿಂದ ಹೊರಬಂದ ಕೂಡಲೇ ಬಣ್ಣಬಣ್ಣದ ಫಲಕಗಳತ್ತ ಓಡದೆ, ಮೊದಲು ಹಳಿಯ ಕೆಳಗಿನ ರೇಡಿಯೋ ಸೆಂಟರಿನೊಳಗೆ ಹೊಕ್ಕು ಬನ್ನಿ. ಇಬ್ಬರು ಎದುರುಬದುರಾದರೆ ಒಬ್ಬರು ಓರೆಯಾಗಲೇಬೇಕಾದಷ್ಟು ಕಿರಿದಾದ ಓಣಿ. ಎರಡೂ ಕಡೆ ಗೂಡಿನಂಥ ಮಳಿಗೆಗಳು. ಒಂದರಲ್ಲಿ ಬರೀ ಸ್ವಿಚ್ಚುಗಳು, ಇನ್ನೊಂದರಲ್ಲಿ ಬರೀ ತಂತಿ, ಮತ್ತೊಂದರಲ್ಲಿ ಪುಟ್ಟ ಪುಟ್ಟ ತಟ್ಟೆಗಳಲ್ಲಿ ಧಾನ್ಯದಂತೆ ಹರಡಿದ ಬಣ್ಣದ ದೀಪಗಳು. ನಡುವೆ ಕುಳಿತ ಮುದುಕ ಕೈಚಾಚಿದರೆ ಅಂಗಡಿಯ ಯಾವ ಮೂಲೆಯಾದರೂ ಎಟುಕುತ್ತದೆ. ತಲೆಯ ಮೇಲೆ ರೈಲು ಹಾದಾಗ ತಟ್ಟೆಗಳು ಸಣ್ಣಗೆ ನಡುಗುತ್ತವೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಪ್ರಾಜೆಕ್ಟಿಗಾಗಿ ಅಲೆದ ನಿಮಗೆ ಇದು ಪರಿಚಿತ ಲೋಕವೆನಿಸೀತು. ನಮ್ಮಲ್ಲಿಯ ಗದ್ದಲವೊಂದು ಅಲ್ಲಿಲ್ಲ.

ಮುಂದಿನ ದಶಕಗಳ ಕಥೆಯನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದು ಜಪಾನಿನ ಏಳಿಗೆಯ ಸರ್ವವಿದಿತ ಕಥೆಯೇ. 1953ರಲ್ಲಿ ಟಿ.ವಿ. ಪ್ರಸಾರ ಆರಂಭವಾಯಿತು, ಟಿ.ವಿ., ಬಟ್ಟೆ ಒಗೆಯುವ ಯಂತ್ರ ಮತ್ತು ರೆಫ್ರಿಜರೇಟರುಗಳನ್ನು ಜನ "ಮೂರು ಪವಿತ್ರ ನಿಧಿಗಳು" ಎಂದು ನಗೆಯಾಡುತ್ತ ಕೊಂಡರು; ಹಳಿಯ ಸುತ್ತ ಬಹುಮಹಡಿ ಅಂಗಡಿಗಳು ಎದ್ದವು. ಇವುಗಳಲ್ಲಿ ರೇಡಿಯೋ ಕೈಕನ್ ಎಂಬ ಕಟ್ಟಡವನ್ನು ಮಾತ್ರ ಹೆಸರಿಸಲೇಬೇಕು. 1976ರಲ್ಲಿ ಎನ್‌ಇಸಿ ಕಂಪನಿಯವರು ಎಂಜಿನಿಯರುಗಳ ತರಬೇತಿಗೆಂದು ಟಿಕೆ-80 ಎಂಬ ಬಿಡಿಭಾಗಗಳ ಕಟ್ಟನ್ನು 88,500 ಯೆನ್ ಬೆಲೆಗೆ ತಂದರು. ಕೊಂಡವರು ತಾವೇ ಬೆಸುಗೆ ಹಾಕಿ ಪುಟ್ಟ ಕಂಪ್ಯೂಟರ್ ಮಾಡಿಕೊಳ್ಳಬೇಕು. ಕಂಪನಿಯ ನಿರೀಕ್ಷೆ ಮೀರಿ ಸಾಮಾನ್ಯ ಹವ್ಯಾಸಿಗಳು ಮುಗಿಬಿದ್ದರು. ಅದೇ ವರ್ಷ ರೇಡಿಯೋ ಕೈಕನ್ನಿನ ಏಳನೆಯ ಮಹಡಿಯಲ್ಲಿ ಅವರ ಸಂದೇಹಗಳನ್ನು ಪರಿಹರಿಸಲು "ಬಿಟ್ ಇನ್" ಎಂಬ ಕೇಂದ್ರ ತೆರೆಯಿತು. ಶಾಲಾ ಬಾಲಕರೂ ಅಲ್ಲಿಗೆ ಹೋಗಿ ಪ್ರೋಗ್ರಾಂ ಬರೆಯಲು ಕಲಿತರು. ಜಪಾನಿನ ಮೊದಲ ಪೀಳಿಗೆಯ ಕಂಪ್ಯೂಟರ್ ಹವ್ಯಾಸಿಗಳ ಪಾಠಶಾಲೆ ಅದು, ಗುರುಗಳು ಮಾರಾಟಗಾರರಾಗಿದ್ದರೂ ಸಹ.

1980ರ ದಶಕದ ನಂತರ ಮನೆಬಳಕೆಯ ಯಂತ್ರಗಳ ವ್ಯಾಪಾರ ಊರಹೊರಗಿನ ದೊಡ್ಡ ಮಳಿಗೆಗಳ ಪಾಲಾಯಿತು. ಅಕಿಹಬರ ಕಂಪ್ಯೂಟರುಗಳನ್ನು ನೆಚ್ಚಿಕೊಂಡಿತು. 1995ರ ನವೆಂಬರ್ 23ರ ಮಧ್ಯರಾತ್ರಿ ವಿಂಡೋಸ್ 95ನ್ನು ಕೊಳ್ಳಲು ಅಲ್ಲಿ ಜನಜಾತ್ರೆ ಸೇರಿತ್ತು. ಕಂಪ್ಯೂಟರಿನ ಹಿಂದೆಯೇ ಆಟಗಳು, ಆಟಗಳ ಹಿಂದೆ ಅನಿಮೆ, ಮಂಗಾ, ಗೊಂಬೆಗಳು ಬಂದವು. 2001ರಲ್ಲಿ, ಸೇವಕಿಯ ಉಡುಪು ತೊಟ್ಟ ಹುಡುಗಿಯರು ಚಹಾ ನೀಡುವ ಕಾಯಂ ಹೋಟೆಲೂ ತೆರೆಯಿತು. ಅದರ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ಬಾಗಿಲಲ್ಲೇ ಚೀಟಿ ಹಂಚುವವರಿಗೆ ಕೈಮುಗಿದು ಮುಂದೆ ಹೋದೆ. ಕೈಚಿರೋ ಮೊರಿಕಾವಾ ಎಂಬ ವಿದ್ವಾಂಸರು 2003ರಲ್ಲಿ ಈ ಪೇಟೆಯ ಬಗ್ಗೆ ಗ್ರಂಥವನ್ನೇ ಬರೆದರು. ಸರ್ಕಾರವಾಗಲಿ ದೊಡ್ಡ ಬಂಡವಾಳವಾಗಲಿ ಅಲ್ಲದೆ, ಒಂದೇ ಅಭಿರುಚಿಯ ಜನರ ಗುಂಪೇ ಒಂದು ನಗರಭಾಗದ ರೂಪವನ್ನು ಬದಲಿಸಿದ್ದು ಹೊಸತು ಎಂಬುದು ಅವರ ವಾದದ ತಿರುಳು. ಒಪ್ಪತಕ್ಕ ಮಾತೇ. ಆದರೆ ಇತಿಹಾಸದ ಮೇಷ್ಟರಾಗಿ ನನಗೆ ಕಾಣುವುದು ಬದಲಾವಣೆಗಿಂತ ಹೆಚ್ಚಾಗಿ ಮುಂದುವರಿಕೆ. 1947ರಲ್ಲಿ ಹಳೆಯ ವಾಲ್ವಿಗಾಗಿ ಬೀದಿ ಅಂಗಡಿ ಜಾಲಾಡಿದ ಹುಡುಗನಿಗೂ, ಇಂದು ಹಳೆಯ ಗೇಮಿನ ಪೆಟ್ಟಿಗೆಗಾಗಿ ಮೂರನೆಯ ಮಹಡಿ ಹತ್ತುವವನಿಗೂ ನಡುವೆ ಅಂತರ ಅಷ್ಟೇನಿಲ್ಲ. ಇತರರು ಎಸೆದದ್ದರಲ್ಲಿ ಬೆಲೆ ಕಾಣುವುದು ಈ ಪೇಟೆಯ ಹುಟ್ಟುಗುಣ.

ಹಳೆಯ ಗೇಮುಗಳ ಅಂಗಡಿಗಳು ಬಹುಪಾಲು ಮುಖ್ಯ ಬೀದಿಯ ಹಿಂದಿನ ಓಣಿಗಳಲ್ಲಿವೆ. ಸೂಪರ್ ಪೊಟ್ಯಾಟೊ (ಹೆಸರಿಗೆ ನಗಬೇಡಿ) ಎಂಬುದು ಪ್ರಖ್ಯಾತ. ಅದರ ಮೇಲಿನ ಮಹಡಿಯಲ್ಲಿ ನಾಣ್ಯ ಹಾಕಿ ಆಡುವ ಹಳೆಯ ಯಂತ್ರಗಳಿವೆ. ಮಂದರಾಕೆ ಎಂಬುದು 1980ರಲ್ಲಿ ನಕಾನೋ ಬಡಾವಣೆಯಲ್ಲಿ ಮಂಗಾ ಚಿತ್ರಕಾರರೊಬ್ಬರು ತೆರೆದ ಹಳೆಯ ಪುಸ್ತಕಗಳ ಪುಟ್ಟ ಅಂಗಡಿ. 2008ರಲ್ಲಿ ಅಕಿಹಬರದಲ್ಲಿ ಎಂಟು ಮಹಡಿಗಳ ಮಳಿಗೆಯಾಯಿತು. ಕಪಾಟುಗಳಲ್ಲಿ ಸಾಲುಗಟ್ಟಿ ನಿಂತಿರುವುದು 1983ರಲ್ಲಿ ನಿಂಟೆಂಡೋ ಕಂಪನಿ 14,800 ಯೆನ್ ಬೆಲೆಗೆ ತಂದ ಫ್ಯಾಮಿಕಾಮ್ ಎಂಬ ಆಟದ ಯಂತ್ರದ ಕ್ಯಾಸೆಟ್ಟುಗಳು. ಆ ಒಂದು ಯಂತ್ರಕ್ಕೇ ಸಾವಿರಕ್ಕೂ ಹೆಚ್ಚು ಆಟಗಳು ತಯಾರಾದವು. ಕೆಲವು ಕ್ಯಾಸೆಟ್ಟುಗಳ ಬೆನ್ನ ಮೇಲೆ ಯಾವುದೋ ಮಗು ಪೆನ್ನಿನಿಂದ ಬರೆದ ತನ್ನ ಹೆಸರು ಇನ್ನೂ ಉಳಿದಿದೆ. ಅಂಥವಕ್ಕೆ ಬೆಲೆ ಕಡಿಮೆ. ನಾನಾದರೆ ಹೆಚ್ಚು ಕೊಡುತ್ತಿದ್ದೆ.

ಈ ಅಂಗಡಿಗಳೇ ಇಲ್ಲದೆ ಹೋಗುವ ಸಂಭವವಿತ್ತೆಂಬುದು ಅಲ್ಲಿ ತಿರುಗಾಡುವ ಎಷ್ಟು ಜನಕ್ಕೆ ಗೊತ್ತೋ. 1990ರ ದಶಕದ ಕೊನೆಗೆ ಆಟ ತಯಾರಿಸುವ ದೊಡ್ಡ ಕಂಪನಿಗಳು, ಹಳೆಯ ಆಟಗಳ ಮರುಮಾರಾಟ ತಮ್ಮ ಹಕ್ಕಿಗೆ ಚ್ಯುತಿ ಎಂದು ನ್ಯಾಯಾಲಯಕ್ಕೆ ಹೋದವು. ಜಪಾನಿನ ಕಾನೂನಿನಲ್ಲಿ ಸಿನಿಮಾ ನಿರ್ಮಾಪಕರಿಗೆ ತಮ್ಮ ಚಿತ್ರದ ಪ್ರತಿಗಳು ಯಾರಿಂದ ಯಾರಿಗೆ ಹೋಗಬೇಕೆಂದು ನಿಯಂತ್ರಿಸುವ ವಿಶೇಷ ಹಕ್ಕಿದೆ. ವಿಡಿಯೋ ಗೇಮೂ ಒಂದು ಬಗೆಯ ಸಿನಿಮಾ, ಆದ್ದರಿಂದ ಆ ಹಕ್ಕು ತಮಗೂ ಉಂಟು ಎಂಬುದು ಅವರ ವಾದ. 1999ರಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ ಅಂಗಡಿಯವರ ಪರ, ಅದೇ ವರ್ಷ ಒಸಾಕಾದ ನ್ಯಾಯಾಲಯ ಕಂಪನಿಗಳ ಪರ ತೀರ್ಪಿತ್ತವು. ಕೊನೆಗೆ 2002ರ ಏಪ್ರಿಲ್ 25ರಂದು ಸರ್ವೋಚ್ಚ ನ್ಯಾಯಾಲಯ, ಗೇಮು ಸಿನಿಮಾದ ವರ್ಗಕ್ಕೆ ಸೇರುವುದು ನಿಜವೆಂದು ಒಪ್ಪಿಯೂ, ಒಮ್ಮೆ ನ್ಯಾಯವಾಗಿ ಮಾರಿದ ಮೇಲೆ ಆ ಪ್ರತಿಯ ಮೇಲಿನ ವಿತರಣೆಯ ಹಕ್ಕು ಮುಗಿಯಿತೆಂದು ಹೇಳಿತು. ಕೊಂಡವನು ಕೊಂಡ ವಸ್ತುವಿನ ಒಡೆಯ. ಹಳೆಯ ಪುಸ್ತಕದಂಗಡಿಯಲ್ಲಿ ನಾವು ಸಹಜವೆಂದು ಭಾವಿಸುವ ಈ ಹಕ್ಕಿಗಾಗಿ ಅಲ್ಲಿ ಹಲವು ವರ್ಷ ಹೋರಾಡಬೇಕಾಯಿತು.

ಮತ್ತೆ 2006ರಲ್ಲಿ ಇನ್ನೊಂದು ಕಂಟಕ. ವಿದ್ಯುತ್ ಉಪಕರಣಗಳ ಸುರಕ್ಷತೆಯ ಹೊಸ ಕಾಯಿದೆಯಂತೆ, ಆ ವರ್ಷದ ಏಪ್ರಿಲಿನಿಂದ ನಿಗದಿತ ಮುದ್ರೆಯಿಲ್ಲದ ಅನೇಕ ಬಗೆಯ ಉಪಕರಣಗಳನ್ನು ಸೆಕೆಂಡ್‌ಹ್ಯಾಂಡ್ ಅಂಗಡಿಗಳೂ ಮಾರುವಂತಿರಲಿಲ್ಲ. ಮುದ್ರೆ ಬರುವ ಮುನ್ನ ತಯಾರಾದ ವಸ್ತುಗಳೆಲ್ಲ ಒಂದೇ ರಾತ್ರಿಯಲ್ಲಿ ಕಸವಾಗುವ ಸ್ಥಿತಿ. ಸಂಗೀತಗಾರ ರ್ಯೂಇಚಿ ಸಕಾಮೊತೊ ಮೊದಲಾದವರು ಹಳೆಯ ಸಿಂಥಸೈಜರುಗಳ ಪರವಾಗಿ ಸಹಿ ಸಂಗ್ರಹಿಸಿದರು. ಸರ್ಕಾರ ಮಾರ್ಚಿನಲ್ಲೇ ಪಟ್ಟು ಸಡಿಲಿಸಿ, ಮರುವರ್ಷ ಕಾಯಿದೆಯನ್ನೂ ತಿದ್ದಿತು.

ಇಷ್ಟೆಲ್ಲ ಕಾದಾಟ ಹುಡುಗಾಟದ ವಸ್ತುಗಳಿಗಾಗಿಯೇ ಎಂದು ಕೇಳಬಹುದು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ನಡೆಸಿದ ಅಧ್ಯಯನದಂತೆ, ಆ ದೇಶದಲ್ಲಿ 2010ಕ್ಕಿಂತ ಮುಂಚೆ ಬಿಡುಗಡೆಯಾದ ಆಟಗಳಲ್ಲಿ ಈಗಲೂ ಮಾರುಕಟ್ಟೆಯಲ್ಲಿ ಲಭ್ಯವಿರುವವು ಕೇವಲ ಶೇಕಡ 13. ಉಳಿದವು ಹಳೆಯ ಪ್ರತಿಗಳಲ್ಲಿ ಮಾತ್ರ ಬದುಕಿವೆ. ಅಂತರಜಾಲದಲ್ಲಷ್ಟೇ ಮಾರಾಟವಾಗುವ ಆಟಗಳ ಪಾಡು ಇನ್ನೂ ಕಷ್ಟ: ನಿಂಟೆಂಡೋ ತನ್ನ ವೀ ಯಂತ್ರದ ಅಂತರಜಾಲ ಅಂಗಡಿಯನ್ನು 2019ರಲ್ಲಿಯೂ, ವೀ ಯು ಮತ್ತು 3ಡಿಎಸ್ ಯಂತ್ರಗಳ ಅಂಗಡಿಗಳನ್ನು 2023ರ ಮಾರ್ಚಿನಲ್ಲಿಯೂ ಮುಚ್ಚಿತು. ಅಲ್ಲಿ ಮರುಮಾರಾಟ ಮಾಡಲು ಕೈಗೆ ಸಿಗುವ ವಸ್ತುವೇ ಇಲ್ಲ. ಒಂದು ಪೀಳಿಗೆಯ ಬಾಲ್ಯವನ್ನು ನಾಳೆ ಬರೆಯಹೊರಟವನಿಗೆ ಆಧಾರ ಎಲ್ಲಿಂದ ದೊರೆಯಬೇಕು? ನಮ್ಮ ತಾಳೆಗರಿಗಳನ್ನು ಕಾದವರಲ್ಲಿಯೂ ಅರಮನೆಗಳಷ್ಟೇ ಅಟ್ಟದ ಮೇಲಿಟ್ಟು ಮರೆತ ಮನೆಗಳೂ ಇದ್ದವಲ್ಲವೆ?

ವಸ್ತುವಿದ್ದರೂ ಸಾಲದು, ಅದು ನಡೆಯಬೇಕು. ಆಟದ ಪ್ರಗತಿಯನ್ನು ನೆನಪಿಡಲು ಕೆಲವು ಕ್ಯಾಸೆಟ್ಟುಗಳೊಳಗೆ ಗುಂಡಿಯಂಥ ಬ್ಯಾಟರಿ ಇರುತ್ತದೆ. ಅದು ಸತ್ತರೆ ಬಿಚ್ಚಿ ಹೊಸತನ್ನು ಬೆಸೆಯಬೇಕು. 1986ರಲ್ಲಿ ಬಂದ ಫ್ಯಾಮಿಕಾಮ್ ಡಿಸ್ಕ್ ಯಂತ್ರದೊಳಗಿನ ರಬ್ಬರ್ ಪಟ್ಟಿ ಕಾಲಾಂತರದಲ್ಲಿ ಅಂಟಂಟಾಗಿ ಕರಗುತ್ತದೆ. ಅಂಗಡಿಗೆ ಡಿಸ್ಕ್ ಒಯ್ದರೆ ಅಗ್ಗಕ್ಕೆ ಹೊಸ ಆಟ ಬರೆದುಕೊಡುತ್ತಿದ್ದ ಕಂಪನಿ ಆ ಸೇವೆಯನ್ನು 2003ರಲ್ಲಿ ನಿಲ್ಲಿಸಿತು; ಬ್ಯಾಟರಿ, ಪಟ್ಟಿ, ಬೆಸುಗೆಯ ತಂತಿಗಳ ಕೆಲಸ ಮಾತ್ರ ಹವ್ಯಾಸಿಗಳ ಕೈಯಲ್ಲಿ ನಡೆದೇ ಇದೆ. ಆ ಕೆಲಸಕ್ಕೆ ಬೇಕಾದ ಸಾಮಾನು ಹುಡುಕುತ್ತ ಹೋದವರು ತಲುಪುವುದು ಮತ್ತೆ ಹಳಿಗಳ ಕೆಳಗಿನ ಅಂಗಡಿಗಳನ್ನೇ.

ಪ್ರವಾಸ ಹೊರಟವರಿಗೆ ಇನ್ನೆರಡು ಮಾತು. ಭಾನುವಾರ ಮಧ್ಯಾಹ್ನ ಮುಖ್ಯ ಬೀದಿಯಲ್ಲಿ ವಾಹನ ನಿಲ್ಲಿಸಿ ಜನರಿಗೆ ನಡೆಯಲು ಬಿಡುತ್ತಾರೆ. 2008ರ ಜೂನ್ 8ರಂದು, ಅಂಥದೇ ಒಂದು ಭಾನುವಾರ, ಯುವಕನೊಬ್ಬ ಲಾರಿ ನುಗ್ಗಿಸಿ ಚೂರಿಯಿಂದ ಇರಿದು ಏಳು ಜನರನ್ನು ಕೊಂದ. ನಿಂತುಹೋದ ಈ ಪದ್ಧತಿ ಮತ್ತೆ ಆರಂಭವಾದದ್ದು 2011ರ ಜನವರಿಯಲ್ಲಿ. ಅಲ್ಲಿ ನಡೆಯುವಾಗ ಒಂದು ಕ್ಷಣ ಅವರನ್ನು ನೆನೆಯಿರಿ. ಹತ್ತಿರದ ದಿಬ್ಬದ ಮೇಲಿನ ಕಾಂಡಾ ಮ್ಯೋಜಿನ್ ದೇವಾಲಯದಲ್ಲಿ ಕಂಪ್ಯೂಟರುಗಳಿಗೆ ಕೇಡು ತಟ್ಟದಿರಲೆಂದು ರಕ್ಷೆಯ ಚೀಟಿ ಮಾರುತ್ತಾರೆ. ಬೆಂಗಳೂರಿನ ಸಾಫ್ಟ್‌ವೇರ್ ಶಿಷ್ಯರಿಗೆ ಅಲ್ಲಿಂದ ತರಲು ಇದಕ್ಕಿಂತ ತಕ್ಕ ಉಡುಗೊರೆ ಇಲ್ಲ. ಹಳೆಯ ಬೀದಿ ಅಂಗಡಿಗಳ ಕಾಲದಿಂದ ನಡೆದುಬಂದಿದ್ದ ರೇಡಿಯೋ ಸ್ಟೋರ್ 2013ರ ನವೆಂಬರಿನಲ್ಲಿ ಬಾಗಿಲು ಹಾಕಿತು. ಪಕ್ಕದ ರೇಡಿಯೋ ಸೆಂಟರಿನಲ್ಲಿಯೂ ಕೆಲವು ಗೂಡುಗಳು ಮುಚ್ಚಿದ್ದುದನ್ನು ನಾನು ಕಂಡೆ. ನೋಡಬೇಕೆಂದಿರುವವರು ಮುಂದೂಡಬೇಡಿ.