ಇಗರ್ಜಿಯನ್ನು ಪೊರೆದ ಗದ್ದೆಗಳು

ಶತಮಾನೋತ್ಸವದ ಸಂಚಿಕೆಗಳಲ್ಲಿ ಕಟ್ಟಡಗಳ ಹಾಗೂ ವಿಗಾರರ ಚರಿತ್ರೆಗೇ ಪ್ರಾಧಾನ್ಯ. ಅವೆರಡನ್ನೂ ಪೊರೆದ ಗದ್ದೆಗಳ ಕುರಿತು ನಾವಿಲ್ಲಿ ನಾಲ್ಕು ಮಾತು ಬರೆಯಲಿಚ್ಛಿಸುತ್ತೇವೆ.

ಪಶ್ಚಿಮ ಘಟ್ಟಕ್ಕೂ ಅರಬೀ ಸಮುದ್ರಕ್ಕೂ ನಡುವಣ ನಮ್ಮ ದಕ್ಷಿಣ ಕನ್ನಡದ ಕರಾವಳಿ ಕಿರಿದಾದ ಪಟ್ಟಿ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆಯಾದರೂ ಅದರ ಬಹುಭಾಗ ನಾಲ್ಕು ತಿಂಗಳಲ್ಲೇ ಸುರಿದು ಕಡಲು ಸೇರುತ್ತದೆ. ನೀರಿನ ಆಸರೆಯನ್ನು ನೋಡಿಯೇ ಹಿರಿಯರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದರು. ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟುಗದ್ದೆಯಲ್ಲಿ ಮಳೆಗಾಲದ ಒಂದೇ ಬೆಳೆ.

ಗೋವೆಯಿಂದ ಬಂದ ನಮ್ಮ ಪೂರ್ವಿಕರಿಗೆ ಈ ನೆಲದಲ್ಲಿ ಆಶ್ರಯ ದೊರೆತುದು ಬಹುಮಟ್ಟಿಗೆ ಅವರ ಬೇಸಾಯದ ಕೌಶಲದಿಂದ. ಕೆಳದಿಯ ಅರಸರಿಗೆ ಒಳ್ಳೆಯ ಒಕ್ಕಲುಗಳು ಬೇಕಿದ್ದರು. ಇಲ್ಲಿಯ ಅಕ್ಕಿ ಗೋವೆಗೂ ಅರಬರ ತೀರಕ್ಕೂ ಹಡಗೇರುತ್ತಿತ್ತು. 1784ರಲ್ಲಿ ಟಿಪ್ಪು ಸುಲ್ತಾನನು ನಮ್ಮವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೊಯ್ದಾಗ ಆ ಗದ್ದೆಗಳು ಪರರ ಪಾಲಾದವು. 1799ರ ಬಳಿಕ ಬದುಕಿ ಮರಳಿದವರಲ್ಲಿ ಅನೇಕರು ಗೇಣಿಗೆ ಭೂಮಿ ಹಿಡಿದು ಬಾಳನ್ನು ಮೊದಲಿನಿಂದ ಆರಂಭಿಸಬೇಕಾಯಿತು.

1865ರಲ್ಲಿ ಬಾಸೆಲ್ ಮಿಶನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹೊಳೆಬದಿಯ ಜೇಡಿಮಣ್ಣಿಗೂ ಬೆಲೆ ಬಂದಿತು. ಪ್ರಾಟೆಸ್ಟಂಟ್ ಸಹೋದರರು ಕಲಿಸಿದ ಹಂಚಿನ ಮಾಡಿನಡಿ ಕಥೋಲಿಕರ ಬಲಿಪೂಜೆ ನಡೆಯಿತೆಂಬುದು ಸ್ವಾರಸ್ಯದ ಸಂಗತಿ!

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯನ್ನು ನಮ್ಮ ಸಂಚಿಕೆಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ನಮ್ಮಲ್ಲಿ ಧಣಿಗಳೂ ಇದ್ದರು, ಗೇಣಿದಾರರೂ ಇದ್ದರು. ತಲೆಮಾರುಗಳಿಂದ ಉತ್ತವರಿಗೆ ಹಕ್ಕುಪತ್ರ ದೊರೆಯಿತು; ಗೇಣಿಯ ಅಕ್ಕಿಯನ್ನೇ ನಂಬಿದ್ದ ವಿಧವೆಯರು ಕಂಗೆಟ್ಟರು. ಕಾನೂನು ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ಆದರೆ ಭೂನ್ಯಾಯಮಂಡಳಿಯಲ್ಲಿ ಎದುರಾಳಿಗಳಾಗಿ ನಿಂತವರೇ ಭಾನುವಾರ ಒಂದೇ ಬಲಿಪೀಠದ ಮುಂದೆ ಮೊಣಕಾಲೂರುತ್ತಿದ್ದರು. ಕೆಲವು ಮನೆಗಳ ನಡುವೆ ಅಂದು ನಿಂತ ಮಾತು ಇಂದಿಗೂ ನಿಂತೇ ಇದೆ.

ಅನಂತರದ ಪೀಳಿಗೆ ಮುಂಬಯಿಗೂ ಕೊಲ್ಲಿ ದೇಶಗಳಿಗೂ ಹೊರಟಿತು. ಬೈಲುಗಳು ಅಡಿಕೆ ತೋಟಗಳಾದವು, ಮನೆ ನಿವೇಶನಗಳಾದವು, ಇಲ್ಲವೇ ಹಡಿಲು ಬಿದ್ದವು. ಆದರೂ ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಮಕ್ಕಳು ಕನ್ಯಾಮಾತೆಗೆ ಹೂ ಅರ್ಪಿಸುತ್ತಾರೆ. ಆಶೀರ್ವದಿಸಿದ ತೆನೆಯ ಕಾಳನ್ನು ಪಾಯಸದಲ್ಲಿ ಬೆರೆಸಿ ಮನೆಮಂದಿಯೆಲ್ಲ ಉಣ್ಣುತ್ತಾರೆ. ದೂರದ ಮಕ್ಕಳಿಗೆ ಲಕೋಟೆಯಲ್ಲಿ ನಾಲ್ಕು ಕಾಳು ಹೋಗುತ್ತದೆ. ಈಗ ನಮ್ಮ ಇಗರ್ಜಿಗೆ ಆ ತೆನೆ ಬರುವುದು ನೆರೆಯ ಹಿಂದೂ ಬೇಸಾಯಗಾರರೊಬ್ಬರ ಗದ್ದೆಯಿಂದ. ಅವರು ಅದಕ್ಕೆ ಬೆಲೆ ತೆಗೆದುಕೊಳ್ಳುವುದಿಲ್ಲ.