ಕಾಂಗೋ ನದಿ ಮತ್ತು ಪ್ರಭೇದಗಳ ಗಡಿ

ಚಿಂಪಾಂಜಿ, ಬೊನೊಬೊ ಒಂದೇ ಕುಲದ ಎರಡು ವಾನರಗಳು. ಮಧ್ಯ ಆಫ್ರಿಕದ ಮಳೆಕಾಡಿನಲ್ಲಿ ಕಾಂಗೋ ನದಿಯ ಬಲದಂಡೆ ಚಿಂಪಾಂಜಿಯದು, ಎಡದಂಡೆ ಬೊನೊಬೊದ್ದು. 1929ರಲ್ಲಿ ಅರ್ನ್ಸ್ಟ್ ಶ್ವಾರ್ಟ್ಸ್ ಬೊನೊಬೊವನ್ನು ಚಿಂಪಾಂಜಿಯ ಉಪಪ್ರಭೇದವೆಂದು ವಿವರಿಸಿದರು. 1933ರಲ್ಲಿ ಹೆರಾಲ್ಡ್ ಕೂಲಿಡ್ಜ್ ಅದನ್ನು ಪ್ರತ್ಯೇಕ ಪ್ರಭೇದವಾಗಿ ಪರಿಗಣಿಸಿದರು. ಈ ಹಂಚಿಕೆಯಲ್ಲಿ ನದಿಯ ಪಾತ್ರವೇನೆಂಬುದು ಇಲ್ಲಿನ ಪ್ರಶ್ನೆ.

ಸುಮಾರು 4,700 ಕಿ.ಮೀ. ಉದ್ದದ ಕಾಂಗೋ, ಕಮಾನಿನಂತೆ ಬಾಗಿ ಸಮಭಾಜಕ ವೃತ್ತವನ್ನು ಎರಡು ಸಲ ದಾಟುತ್ತದೆ. ಅದರ ಜಲಾನಯನ ಪ್ರದೇಶ ವೃತ್ತದ ಎರಡೂ ಬದಿಗೆ ಹರಡಿರುವುದರಿಂದ ಮಳೆಗಾಲವೂ ಎರಡು ಕಡೆ ಬೇರೆ ಬೇರೆ ತಿಂಗಳುಗಳಲ್ಲಿ ಬರುತ್ತದೆ. ಉತ್ತರದ ಉಪನದಿ ಉಬಾಂಗಿ ಸೊರಗಿದಾಗ ದಕ್ಷಿಣದ ಉಪನದಿ ಕಸಾಯಿ ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಸೆಕೆಂಡಿಗೆ ಸರಾಸರಿ 40,000 ಘನ ಮೀಟರಿನಷ್ಟು ನೀರು ಸಾಗರ ಸೇರುತ್ತದೆ. ಈ ಪ್ರಮಾಣದಲ್ಲಿ ಕಾಂಗೋವನ್ನು ಮೀರಿಸುವ ನದಿ ಅಮೆಜಾನ್ ಒಂದೇ. ಈಜು ಬಾರದ ವಾನರಗಳಿಗೆ ವರ್ಷವಿಡೀ ತುಂಬಿ ಹರಿಯುವ ಈ ನದಿ ದಾಟಲಾಗದ ಎಲ್ಲೆ.

ಆದರೆ ನದಿ ಹುಟ್ಟಿದ್ದರಿಂದಲೇ ಇವೆರಡೂ ಬೇರೆಯಾದವು ಎನ್ನಲು ಕಾಲಗಣನೆ ಒಪ್ಪುವುದಿಲ್ಲ. ವಂಶವಾಹಿ ಅಧ್ಯಯನಗಳು ಈ ಅಗಲಿಕೆಯನ್ನು ಸುಮಾರು 15ರಿಂದ 20 ಲಕ್ಷ ವರ್ಷಗಳ ಹಿಂದಕ್ಕೆ ಇಡುತ್ತವೆ; ನದೀಮುಖದಾಚೆಯ ಸಾಗರತಳದ ಹೂಳು ನದಿ ಅದಕ್ಕಿಂತ ಬಹಳ ಹಳೆಯದೆಂದು ಸೂಚಿಸುತ್ತದೆ. ಒಣ ಹವೆಯ ಯುಗವೊಂದರಲ್ಲಿ ನೀರಿಳಿದಾಗ ಬೊನೊಬೊಗಳ ಪೂರ್ವಜರ ಸಣ್ಣ ಗುಂಪೊಂದು ಎಡದಂಡೆಗೆ ದಾಟಿರಬೇಕೆಂದು ಹಿರೋಯುಕಿ ತಾಕೆಮೊಟೊ ಮತ್ತು ಸಂಗಡಿಗರು 2015ರಲ್ಲಿ ವಾದಿಸಿದರು. ಲಭ್ಯ ಪುರಾವೆಗಳಿಗೆ ಈ ವಾದ ಹೆಚ್ಚು ಹೊಂದುತ್ತದೆ.

ಉಪನದಿಗಳ ನಡುವಿನ ಕಾಡುಗಳಿಗೂ ತಮ್ಮವೇ ಜೀವಿಗಳುಂಟು. 2012ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಲೆಸುಲಾ ಮಂಗದ ಮುಖ್ಯ ನೆಲೆ ಲೊಮಾಮಿ, ಚುವಾಪಾ ನದಿಗಳ ನಡುವಿನ ಕಾಡು. ನೀರೊಳಗೆ ಗಡಿ ಹಾಕುವುದು ಸೆಳೆತ. ಮಲೇಬೊ ಸರೋವರದ ಕೆಳಗೆ, ಕೆಲವೆಡೆ 200 ಮೀಟರಿಗೂ ಆಳವಾದ ಭೋರ್ಗರೆವ ಹರಿವಿನಲ್ಲಿ, ಒಂದೇ ಜಾತಿಯ ಸಿಕ್ಲಿಡ್ ಮೀನುಗಳ ಸಮೂಹಗಳೂ ವಂಶವಾಹಿಯ ಮಟ್ಟದಲ್ಲಿ ಬೇರೆಯಾಗಿವೆ. ಕಣ್ಣೂ ಬಣ್ಣವೂ ಇಲ್ಲದಂತಾದ ಲ್ಯಾಂಪ್ರೊಲೊಗಸ್ ಲೆಥಾಪ್ಸ್ ಮೀನಿನ ತವರೂ ಇದೇ.

ಕಾಂಗೋ ಈ ಎರಡು ವಾನರಗಳನ್ನು ಸೀಳಿದ ನದಿ ಎನ್ನುವುದಕ್ಕಿಂತ, ಒಮ್ಮೆ ಅಗಲಿದವು ಮತ್ತೆ ಬೆರೆಯದಂತೆ ಕಾದ ನದಿ ಎನ್ನುವುದು ಸರಿ. ಒಂದು ದಂಡೆಯ ಕಾಡು ಅಳಿದರೆ ಎದುರು ದಂಡೆಯ ಕಾಡು ಅದಕ್ಕೆ ಬದಲಿಯಾಗಲಾರದು. 1970ರಲ್ಲಿ ಸ್ಥಾಪನೆಯಾಗಿ 1984ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಸಲೋಂಗಾ ರಾಷ್ಟ್ರೀಯ ಉದ್ಯಾನದ ಮಹತ್ವ ಇರುವುದೂ ಇಲ್ಲೇ: ಎಡದಂಡೆಯ ಕಾಡು ಬಿಟ್ಟರೆ ಬೊನೊಬೊಗೆ ಬೇರೆ ನೆಲೆಯಿಲ್ಲ.